ಮುಳ್ಳು ನಡುವಿಗೆ ಬಂದಾಗ

ಹಳೆಯ ಬುಲೆಟ್ ಗಾಡಿಯ ಹೆಡ್‌ಲೈಟಿನ ನೆತ್ತಿಯ ಮೇಲೆ ಪುಟ್ಟದೊಂದು ಅಂಪಿಯರ್ ಮೀಟರ್ ಇರುತ್ತದೆ. ಕೀಲಿ ತಿರುವಿ ಕಿಕ್ಕನ್ನು ಮೆಲ್ಲಗೆ ಅದುಮುತ್ತ ಹೋದರೆ ಅದರ ಮುಳ್ಳು ಒಂದು ಕಡೆ ವಾಲುತ್ತದೆ. ಇನ್ನಷ್ಟು ಅದುಮಿದರೆ ತಟ್ಟನೆ ನಡುವಿಗೆ ಮರಳುತ್ತದೆ. ಕಾಲು ಅಲ್ಲಿ ನಿಲ್ಲಬೇಕು. ಎಡಗೈ ಬೆರಳಿನಿಂದ ಡೀಕಂಪ್ರೆಷನ್ ಲಿವರ್ ಎಳೆದು, ಪಿಸ್ಟನ್ನನ್ನು ತುದಿಯಿಂದ ಒಂದಿಷ್ಟು ಆಚೆ ದಾಟಿಸಿ, ಲಿವರ್ ಬಿಟ್ಟು, ಕಿಕ್ಕನ್ನು ಮೇಲೆ ಬರಗೊಟ್ಟು, ಆಮೇಲೆ ಒಂದೇ ಒದೆ. “ಜೋರ್ ಮಾಡಬ್ಯಾಡ್ರಿ, ಮೊದಲ ಮುಳ್ಳ ನೋಡ್ರಿ” ಅನ್ನುತ್ತಾರೆ ನಮ್ಮ ಚಿಕ್ಕೋಡಿ ಕಡೆಯ ಹಿರಿಯ ಮೇಸ್ತ್ರಿಗಳು. ಗಟ್ಟಿಮುಟ್ಟಾದ ಹುಡುಗರು ಒದ್ದು ಒದ್ದು ಬೆವರಿದ ಗಾಡಿಯನ್ನು ಸಣಕಲು ಮೈಯ ಮೇಸ್ತ್ರಿಯೊಬ್ಬ ಒಂದೇ ಏಟಿಗೆ ಎಬ್ಬಿಸಿದ್ದನ್ನು ಈ ಸೀಮೆಯಲ್ಲಿ ಬೆಳೆದವರು ಯಾರೂ ಮರೆತಿರಲಾರರು.

ಆ ಮುಳ್ಳು ಏನನ್ನು ತೋರಿಸುತ್ತದೆ? ಎಂಜಿನ್ನಿನ ಪಕ್ಕದ ಡಬ್ಬಿಯೊಳಗೆ ಎರಡು ಲೋಹದ ಚುಕ್ಕೆಗಳು ಒಂದನ್ನೊಂದು ತಾಗಿಕೊಂಡಿದ್ದವು, ಈಗ ಬೇರೆಯಾದವು. ಅಷ್ಟೇ. ಅವಕ್ಕೆ ಪಾಯಿಂಟ್ ಎನ್ನುತ್ತಾರೆ. ತಾಗಿದ್ದಾಗ ಬ್ಯಾಟರಿಯ ಕರೆಂಟು ಕಾಯಿಲಿನಲ್ಲಿ ಹರಿದು ಅದರ ಸುತ್ತ ಕಾಂತಕ್ಷೇತ್ರವನ್ನು ಕಟ್ಟುತ್ತದೆ. ಬೇರೆಯಾದ ಗಳಿಗೆಗೆ ಆ ಕ್ಷೇತ್ರ ಕುಸಿಯುತ್ತದೆ. ಕುಸಿಯುವ ರಭಸಕ್ಕೆ ಸಾವಿರಾರು ವೋಲ್ಟು ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. ಕಿಡಿ ಹುಟ್ಟುವುದು ಕೂಡಿದಾಗಲ್ಲ, ಅಗಲಿದಾಗ. ಮೈಕೆಲ್ ಫ್ಯಾರಡೆ 1831ರಲ್ಲಿ ಲಂಡನ್ನಿನಲ್ಲಿ ಕಂಡುಕೊಂಡ ಈ ಸಂಗತಿಯನ್ನು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ನನಗದು ನಿಜ ಅನ್ನಿಸಿದ್ದು ಮಾತ್ರ ಗ್ಯಾರೇಜಿನ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಆ ಚುಕ್ಕೆಗಳ ನಡುವೆ ಸಿಗರೇಟಿನ ತೆಳು ಕಾಗದ ಸಿಕ್ಕಿಸಿ ಎಳೆಯುವುದನ್ನು ನೋಡಿದಾಗ. ಕಾಗದ ಬಿಗಿಯಾಗಿ ಹಿಡಿದಿರುತ್ತದೆ. ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸಡಿಲಾಗಿ ಕೈಗೆ ಬರುತ್ತದೆ. ಕಿಡಿಯ ಹೊತ್ತು ಅದೇ. ಚುಕ್ಕೆಗಳು ಪೂರ್ತಿ ತೆರೆದಾಗಲೂ ಅವುಗಳ ನಡುವಿನ ಸಂದು 0.35ರಿಂದ 0.40 ಮಿಲಿಮೀಟರ್. ಅದು ಹೆಚ್ಚಾದರೂ ಕಡಿಮೆಯಾದರೂ ಗಾಡಿ ಮುನಿಯುತ್ತದೆ.

ನನ್ನ ಬೆರಗೆಲ್ಲ ಈ ಅಳತೆಯ ಸುತ್ತಲೇ. ಬುಲೆಟ್ಟಿನ ಗತ್ತು, ಗುಡುಗು, ಊರ ಗೌಡರ ಠೀವಿ ಇವನ್ನು ಹಾಡಿ ಹೊಗಳಿದವರು ಬಹಳ ಜನ. ಆ ಸದ್ದೂ ಒಂದು ಲೆಕ್ಕವೇ. ನಿಂತಲ್ಲೇ ಸಾವಕಾಶ ಓಡುವ ಎಂಜಿನ್ನು ನಿಮಿಷಕ್ಕೆ ಸುಮಾರು 600 ಸುತ್ತು ಸುತ್ತುತ್ತದೆ ಎಂದುಕೊಳ್ಳಿ. ಎರಡು ಸುತ್ತಿಗೊಮ್ಮೆ ಪೆಟ್ರೋಲು ಹೊತ್ತಿಕೊಳ್ಳುವುದರಿಂದ ಸೆಕೆಂಡಿಗೆ ಐದು ಬಡಿತ. ಮನುಷ್ಯನ ಕಿವಿ ಬಿಡಿಬಿಡಿಯಾಗಿ ಗುರುತಿಸಬಲ್ಲಷ್ಟು ನಿಧಾನದ ಲಯ ಅದು. 70 ಮಿಲಿಮೀಟರ್ ಅಗಲದ ಒಂದೇ ಪಿಸ್ಟನ್ನು 90 ಮಿಲಿಮೀಟರ್ ಉದ್ದದ ದಾರಿಯಲ್ಲಿ ಏರಿ ಇಳಿಯುತ್ತದೆ. ಒಳಗೆ ತೂಕದ ಫ್ಲೈವೀಲ್ ಒಂದು ಬಡಿತದಿಂದ ಇನ್ನೊಂದರವರೆಗೆ ಅದನ್ನು ಹೊತ್ತು ಸಾಗಿಸುತ್ತದೆ. ಆ ನಡುವಿನ ಖಾಲಿ ಜಾಗವೇ ನಮಗೆ ಡುಗುಡುಗು ಎಂದು ಕೇಳುವುದು.

ಈ ಅಳತೆಗಳನ್ನು ಮೊದಲು ಬರೆದಿಟ್ಟವರು ಇಂಗ್ಲೆಂಡಿನ ರೆಡಿಚ್ ಎಂಬ ಊರಿನವರು. ಆ ಊರಿನ ಮೂಲ ಕಸುಬು ಮೋಟಾರು ಸೈಕಲ್ಲಲ್ಲ, ಹೊಲಿಗೆ ಸೂಜಿ. ಒಂದು ಕಾಲಕ್ಕೆ ಜಗತ್ತಿನ ಬಹುಪಾಲು ಸೂಜಿಗಳು ಅಲ್ಲಿಂದಲೇ ಬರುತ್ತಿದ್ದವು. ಸೂಜಿ ಮಾಡುತ್ತಿದ್ದ ಟೌನ್‌ಸೆಂಡ್ ಮನೆತನದ ಕಾರ್ಖಾನೆ ಸೈಕಲ್ಲಿಗೆ ಹೊರಳಿತು. ಅದೇ ಮುಂದೆ ಬೇರೆಯವರ ಕೈಸೇರಿ, ಎನ್‌ಫೀಲ್ಡಿನ ಸರಕಾರಿ ಬಂದೂಕು ಕಾರ್ಖಾನೆಗೆ ಬಿಡಿಭಾಗ ಒದಗಿಸಿ ರಾಯಲ್ ಎನ್‌ಫೀಲ್ಡ್ ಎಂಬ ಹೆಸರು ಪಡೆಯಿತು. 1901ರಲ್ಲಿ ಮೊದಲ ಮೋಟಾರು ಸೈಕಲ್ ಹೊರತಂದಿತು. ಸೂಜಿಯ ಕಣ್ಣನ್ನು ತೂತಿಡುವ ಕೈ, ದೃಷ್ಟಿ, ತಾಳ್ಮೆ ತಲೆಮಾರುಗಳಿಂದ ಇದ್ದ ಊರು ಕಾರ್ಬ್ಯುರೇಟರಿನ ಜೆಟ್ಟಿಗೆ ಬಂದು ಮುಟ್ಟಿದ್ದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ನಮ್ಮ ಜಿಲ್ಲೆಯಲ್ಲೂ ಅಂಥದೇ ಒಂದು ಕತೆಯಿದೆ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆ ಅಂಗಡಿಯಿಂದ ಕಬ್ಬಿಣದ ನೇಗಿಲು ಬಂತು, ನೇಗಿಲಿನಿಂದ ಪಂಪು, ಎಂಜಿನ್ನು. ಇವತ್ತು ಬೆಳಗಾವಿಯ ಉದ್ಯಮಬಾಗ, ಕೊಲ್ಲಾಪುರದ ಉದ್ಯಮನಗರಗಳ ಲೇಥ್ ಮಷೀನುಗಳ ಮುಂದೆ ನಿಂತಾಗ ನನಗೆ ಆ ಸೈಕಲ್ ಅಂಗಡಿ ನೆನಪಾಗುತ್ತದೆ. ನಿಪ್ಪಾಣಿಯಲ್ಲೋ ಕಾಗವಾಡದಲ್ಲೋ ಒಂದು ಗಾಡಿಯ ಸಿಲಿಂಡರು ಸವೆದರೆ ಅದು ಬೋರಿಂಗಿಗೆ ಹೋಗುವುದು ಇಂಥ ಮಷೀನುಗಳಿಗೇ. ತುಸು ಕೊರೆದು, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿದರೆ ಎಂಜಿನ್ನಿಗೆ ಮತ್ತೆ ಪ್ರಾಯ.

ಇಂಥ ಗಾಡಿಯ ನಟ್ಟು ಬಿಚ್ಚುವುದು ಕೂಡ ಕಲಿಯಬೇಕಾದ ವಿದ್ಯೆ. ಇಂಗ್ಲಿಷ್ ಎಂಜಿನಿಯರ್ ಜೋಸೆಫ್ ವಿಟ್‌ವರ್ಥ್ 1841ರಲ್ಲಿ ನಟ್ಟು ಬೋಲ್ಟುಗಳ ಥ್ರೆಡ್ಡಿಗೆ ಒಂದು ನಿಯಮ ಸೂಚಿಸಿದ: ಕೋನ 55 ಡಿಗ್ರಿ. ಅದಕ್ಕೂ ಮೊದಲು ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದರ ನಟ್ಟಿಗೆ ಕೂಡುತ್ತಿರಲಿಲ್ಲ. ಇಂದಿನ ಮೆಟ್ರಿಕ್ ಥ್ರೆಡ್ಡಿನದು 60 ಡಿಗ್ರಿ. ಕಣ್ಣಿಗೆ ಎರಡೂ ಒಂದೇ. ಒಂದರ ಬೋಲ್ಟಿಗೆ ಇನ್ನೊಂದರ ನಟ್ಟು ಹಾಕಿ ಬೆರಳಿನಿಂದ ತಿರುವಿದರೆ ಎರಡನೆಯ ಸುತ್ತಿಗೆ ಬಿಗಿತ ಗೊತ್ತಾಗುತ್ತದೆ. ಅಲ್ಲಿ ಪಾನಾ ಹಾಕಿ ಬಲ ತೋರಿದವನು ಥ್ರೆಡ್ಡನ್ನೇ ಕಳೆಯುತ್ತಾನೆ. ನಾರ್ಟನ್, ಬಿಎಸ್‌ಎ, ಮ್ಯಾಚ್‌ಲೆಸ್, ಟ್ರಯಂಫ್ ಯಾವುದನ್ನೇ ಸರಿಪಡಿಸುವವರಿಗೂ ಇದೇ ಮೊದಲ ಪರೀಕ್ಷೆ. ವಿಟ್‌ವರ್ಥನ ಹೆಸರು ಕೇಳದ ಮೇಸ್ತ್ರಿಯೊಬ್ಬ ಕಣ್ಣು ಮುಚ್ಚಿ ನಟ್ಟು ತಿರುವಿ “ಇದು ಇದರದಲ್ಲ” ಎಂದು ಪಕ್ಕಕ್ಕಿಡುವಾಗ, ಆ ಇಂಗ್ಲಿಷ್ ಎಂಜಿನಿಯರು ಕಾಗದದ ಮೇಲೆ ಎಳೆದ ಕೋನವನ್ನು ಈತನ ಹೆಬ್ಬೆರಳು ಓದುತ್ತಿರುತ್ತದೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಇಬ್ಬರ ನಡುವೆ ಎರಡು ಶತಮಾನದ ಹತ್ತಿರದ ಅಂತರ. ಆದರೂ ನಟ್ಟು ಕೂಡುತ್ತದೆ. ಇದಕ್ಕಿಂತ ದೊಡ್ಡ ಸೋಜಿಗವನ್ನು ನಾನು ಯಂತ್ರಗಳ ಲೋಕದಲ್ಲಿ ಕಂಡಿಲ್ಲ.

ರೆಡಿಚ್ಚಿನ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿದ್ದು 1955ರಲ್ಲಿ. ಮೊದಲು ಅಲ್ಲಿಂದ ಬಂದ ಭಾಗಗಳ ಜೋಡಣೆ. ಆಮೇಲೆ ಅಚ್ಚು, ಸಲಕರಣೆಗಳೇ ಬಂದವು. 1962ರ ಹೊತ್ತಿಗೆ ಎಲ್ಲ ಭಾಗಗಳೂ ಇಲ್ಲಿಯವೇ. ಆ 1955ರಲ್ಲಿ ನಿಪ್ಪಾಣಿ, ಚಿಕ್ಕೋಡಿ, ಅಥಣಿಗಳು ಮುಂಬಯಿ ರಾಜ್ಯದಲ್ಲಿದ್ದವು. ರಾಯಬಾಗವಂತೂ ಅದಕ್ಕೆ ಕೆಲವೇ ವರ್ಷ ಹಿಂದಿನವರೆಗೆ ಕೊಲ್ಲಾಪುರ ಸಂಸ್ಥಾನದ ಊರು. ಮೈಸೂರು ರಾಜ್ಯಕ್ಕೆ ಇವು ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಮೊದಲ ವರ್ಷದ ಬುಲೆಟ್ಟು ನಮ್ಮ ರಾಜ್ಯದ ಗೆರೆಗಿಂತ ಹಿರಿಯದು. ಈಗಲೂ ಇಲ್ಲಿನ ಗ್ಯಾರೇಜಿನ ಮುಂದೆ ಚಿಕ್ಕೋಡಿಯ ಕೆಎ 23, ಕೊಲ್ಲಾಪುರದ ಎಂಎಚ್ 09, ಸಾಂಗಲಿಯ ಎಂಎಚ್ 10 ಫಲಕಗಳು ಸಾಲಾಗಿ ನಿಂತಿರುತ್ತವೆ. ಮೇಸ್ತ್ರಿ ಕನ್ನಡದಲ್ಲಿ ಕೇಳುತ್ತಾನೆ, ಗಾಡಿಯವನು ಮರಾಠಿಯಲ್ಲಿ ಹೇಳುತ್ತಾನೆ, ಟ್ಯಾಪೆಟ್ ಸೆಟ್ ಆಗುತ್ತದೆ.

ಅತ್ತ ರೆಡಿಚ್ಚಿನ ಕಾರ್ಖಾನೆ 1967ರಲ್ಲಿ ಬಾಗಿಲು ಹಾಕಿತು. ಇಂಗ್ಲೆಂಡಿನಲ್ಲಿ ಆ ಕಂಪನಿಯ ಮೋಟಾರು ಸೈಕಲ್ ತಯಾರಿಕೆ 1970ಕ್ಕೆ ಮುಗಿಯಿತು. 1977ರಿಂದ ಮದ್ರಾಸಿನ ಬುಲೆಟ್ಟುಗಳು ಹಡಗು ಹತ್ತಿ ಅದೇ ಇಂಗ್ಲೆಂಡಿಗೆ ಹೋಗತೊಡಗಿದವು. ತಾಯಿಬೇರು ಒಣಗಿದ ಮೇಲೂ ಬಿಳಲು ನೆಲಕ್ಕಿಳಿದು ಮರವಾದದ್ದಕ್ಕೆ ಕಾರಣ ಅದೇ: ಆ ಅಳತೆಗಳನ್ನು ಯಾರು ಬೇಕಾದರೂ ಓದಬಹುದಿತ್ತು.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಯರು ಒಟ್ಟಿಗೆ ಉಕ್ಕಿ ಈ ಸೀಮೆಯ ಹೊಳೆದಂಡೆಯ ಊರುಗಳಿಗೆ ನುಗ್ಗಿದರು. ಕಬ್ಬು, ದನ, ಮನೆ ಹೋದವರ ಎದುರು ಗಾಡಿಯ ಮಾತೆತ್ತುವುದು ಸಣ್ಣದೆನಿಸುತ್ತದೆ. ಆದರೂ ನೀರಿಳಿದ ಮೇಲೆ ಬದುಕು ಮತ್ತೆ ಚಲಿಸಬೇಕಿತ್ತು; ಹಾಲಿನ ಕ್ಯಾನು ಡೇರಿಗೆ ಹೋಗಬೇಕಿತ್ತು. ರಾಡಿ ಕುಡಿದ ಹಳೆ ಬುಲೆಟ್ಟೊಂದರ ಆಯಿಲ್ ನಟ್ಟು ಬಿಚ್ಚಿದಾಗ ಹೊರಬಿದ್ದದ್ದು ಹಾಲಿನ ಚಹಾದ ಬಣ್ಣದ ದ್ರವ. ಹೆಡ್ಡು ಇಳಿಯಿತು, ಸಿಲಿಂಡರು ಮೇಲೆದ್ದಿತು, ಒಂದೊಂದು ಭಾಗವೂ ಡೀಸೆಲ್ಲಿನಲ್ಲಿ ಮಿಂದು ಗೋಣಿಚೀಲದ ಮೇಲೆ ಬಿಸಿಲಿಗೆ ಕೂತಿತು. ವಾಲ್ವಿಗೆ ಪೇಸ್ಟು ಹಚ್ಚಿ, ಕೋಲಿನ ತುದಿಗೆ ಸಿಕ್ಕಿಸಿ, ಎರಡೂ ಅಂಗೈಗಳ ನಡುವೆ ಅತ್ತ ಇತ್ತ ಉರುಳಿಸುತ್ತ, ಅದರ ಅಂಚಿನಲ್ಲಿ ಎಲ್ಲೂ ಕಡಿಯದ ಮಸುಕು ಬೂದುಬಣ್ಣದ ಉಂಗುರ ಮೂಡುವವರೆಗೆ ಮೇಸ್ತ್ರಿ ಕೂತಿದ್ದ. ಆಮೇಲೆ ಅದರ ಮೇಲೆ ಪೆಟ್ರೋಲು ಸುರಿದು ಕಾದ. ಒಂದು ಹನಿಯೂ ಕೆಳಗೆ ಇಳಿಯಲಿಲ್ಲ. ಲೋಹದ ಮೇಲೆ ಲೋಹ ಕೂತಿದೆ, ನಡುವೆ ಪ್ಯಾಕಿಂಗ್ ಇಲ್ಲ, ರಬ್ಬರಿಲ್ಲ. ಬರಿಯ ಅಂಗೈ ಅವೆರಡನ್ನೂ ಅಷ್ಟು ಹೊಂದಿಸಿತ್ತು.

ಕೊನೆಗೆ ಪುಶ್‌ರಾಡ್. ಎಂಜಿನ್ನು ತಣ್ಣಗಿರುವಾಗ, ಎರಡೂ ವಾಲ್ವು ಮುಚ್ಚಿದ ಸ್ಥಿತಿಯಲ್ಲಿ, ಪಕ್ಕದ ಪುಟ್ಟ ಮುಚ್ಚಳ ತೆಗೆದು ಆ ಸಪೂರ ಕಡ್ಡಿಗಳನ್ನು ಎರಡು ಬೆರಳಿನಿಂದ ಹಿಡಿಯಬೇಕು. ಅವು ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಒಂದಿನಿತೂ ಅಲುಗಬಾರದು. ಪುಸ್ತಕದಲ್ಲಿ ಇದನ್ನು ಸೊನ್ನೆ ಸಂದು ಎಂದು ಬರೆದಿರುತ್ತಾರೆ. ಬಿಗಿಯೂ ಅಲ್ಲದ, ಸಡಿಲವೂ ಅಲ್ಲದ ಆ ಸೊನ್ನೆಯನ್ನು ಅಳೆಯಲು ಗ್ಯಾರೇಜಿನಲ್ಲಿ ಬೆರಳಲ್ಲದೆ ಬೇರೆ ಸಾಧನ ಬಳಸಿದ್ದನ್ನು ನಾನು ಕಂಡಿಲ್ಲ. ನನ್ನ ಬೆರಳಿಗೂ ಒಮ್ಮೆ ಅದನ್ನು ಕೊಟ್ಟು “ಹಾಂ, ಇಷ್ಟ ನೋಡ್ರಿ” ಎಂದ ಮೇಸ್ತ್ರಿಗೆ ನಾನು ಋಣಿ. ತಿಳಿದರೆ ಬೆರಗು ಕರಗುತ್ತದೆ ಎನ್ನುವವರಿದ್ದಾರೆ. ಎಂಜಿನ್ನು ಹೇಗೆ ಓಡುತ್ತದೆ ಎಂದು ತಿಳಿಯದೆ ಇದ್ದಾಗ ನನಗೆ ಅದು ಬರಿಯ ವಾಹನವಾಗಿತ್ತು. ಮುಚ್ಚಳ ತೆರೆದ ಮೇಲೆಯೇ ನನ್ನ ಕಣ್ಣು ಅಗಲವಾದದ್ದು.

ಈಚೆಗೆ ಪುಣೆ, ಬೆಂಗಳೂರುಗಳಿಂದ ಜನ ಬಂದು ನಮ್ಮ ಹಳ್ಳಿಗಳ ಹಿತ್ತಿಲುಗಳಲ್ಲಿ ತುಕ್ಕು ಹಿಡಿದು ನಿಂತ ಬುಲೆಟ್ಟುಗಳನ್ನು ಹುಡುಕಿ ಒಯ್ಯುತ್ತಾರೆ. ಸಂತೋಷ, ಗುಜರಿಗೆ ಹೋಗುವುದಕ್ಕಿಂತ ಎಷ್ಟೋ ವಾಸಿ. ಟ್ಯಾಂಕಿಗೆ ಹೊಸ ಬಣ್ಣ, ಚಿನ್ನದ ಗೆರೆ, ಕನ್ನಡಿಯಂಥ ಕ್ರೋಮು ಬರುತ್ತವೆ, ಗಾಡಿ ಷೋರೂಮಿನಿಂದ ಆಗಷ್ಟೇ ಇಳಿದಂತೆ ಕಾಣುತ್ತದೆ. ಒಳಗಿನ ಎಂಜಿನ್ನು ಹೊಸದರಂತೆ ಆಗಲಿ, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ಅಲ್ಲಿ ಅಳತೆ ತಪ್ಪಿದರೆ ಯಂತ್ರವೇ ಇಲ್ಲ. ಆದರೆ ಹೊರಗಿನ ಸವೆತವನ್ನೆಲ್ಲ ಅಳಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಅಥಣಿಯ ಕುಶಲಕರ್ಮಿಗಳು ಹೊಲಿದ ಚಪ್ಪಲಿ ಮೆಟ್ಟುತ್ತ ಮೆಟ್ಟುತ್ತ ಮೆಟ್ಟಿದವನ ಪಾದದ ಆಕಾರ ತಾಳುವ ಹಾಗೆ ಈ ಗಾಡಿಗಳೂ ಒಬ್ಬರದಾಗುತ್ತವೆ. ಕಿಕ್ಕಿನ ರಬ್ಬರು ಒಂದೇ ಓರೆಯಲ್ಲಿ ಸವೆದಿರುತ್ತದೆ. ಟ್ಯಾಂಕಿನ ಇಕ್ಕೆಲದ ಬಣ್ಣ ಮೊಣಕಾಲು ತಾಗಿ ತಾಗಿ ಹೋಗಿರುತ್ತದೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಹಾಲಿನ ಕ್ಯಾನಿನ ತಳ ಕೊರೆದ ಅರ್ಧಚಂದ್ರ ಇರುತ್ತದೆ. ರೆಡಿಚ್ಚಿನ ನಕ್ಷೆಯಲ್ಲಿ ಇವು ಇಲ್ಲ. ರಾಯಬಾಗದ, ಉಗಾರದ ದಾರಿಗಳು ಬರೆದ ಅಳತೆಗಳಿವು. ನನ್ನನ್ನು ಕೇಳಿದರೆ, ಬಣ್ಣ ಬಳಿಯುವ ಮುನ್ನ ಆ ಮೂರನ್ನಾದರೂ ಹಾಗೇ ಬಿಡಿ ಎನ್ನುತ್ತೇನೆ. ತುಕ್ಕು ಮುಂದೆ ಹರಡದಂತೆ ತೆಳ್ಳಗೆ ಎಣ್ಣೆ ಒರೆಸಿದರೆ ಸಾಕು.