ಮಹಿಮೆ ದೇವರಿಗೆ, ಬೆರಳಪಾಠ ಮಗನಿಗೆ

ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ 'ದೈವಭಕ್ತರು, ಕುಟುಂಬವತ್ಸಲರು' ಎಂಬ ಮಾತುಗಳು ಸಾಮಾನ್ಯವಾಗಿ ಜೋಡಿಯಾಗಿಯೇ ಬರುತ್ತವೆ. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಸರಿ. ಆದರೆ ಆ ಮನುಷ್ಯ ಬೆಳಗಾದರೆ ಏನು ಮಾಡುತ್ತಿದ್ದ ಎಂಬುದು ಅಲ್ಲಿ ಸಿಗುವುದಿಲ್ಲ. ನಾವು ಕಲಿಯಬೇಕಾದದ್ದು ಇರುವುದೇ ಅದರಲ್ಲಿ. ಜರ್ಮನಿಯ ಸಂಗೀತಗಾರ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ವಿಷಯದಲ್ಲಿ ಅದು ಕಾಗದದ ಮೇಲೆ ಉಳಿದುಕೊಂಡಿದೆ.

1720ರ ಜನವರಿ 22ರಂದು ಬಾಖ್ ತನ್ನ ಒಂಬತ್ತು ವರ್ಷದ ಹಿರಿಮಗ ವಿಲ್ಹೆಲ್ಮ್ ಫ್ರೀಡೆಮನ್‌ಗೆಂದು ಒಂದು ನೋಟ್‌ಬುಕ್ ಶುರುಮಾಡಿದ. ಆಗ ಅವನು ಕ್ಯೋಥೆನ್ ಎಂಬ ಪುಟ್ಟ ಸಂಸ್ಥಾನದ ಆಸ್ಥಾನ ಸಂಗೀತದ ಮುಖ್ಯಸ್ಥ. ಬೇಕಿದ್ದರೆ ಯಾವನಾದರೂ ಶಿಷ್ಯನನ್ನು ಕೂರಿಸಿ ಪಾಠ ಹೇಳಿಸಬಹುದಿತ್ತು. ಹಾಗೆ ಮಾಡದೆ, ಸ್ವರಗಳ ಹೆಸರು, ಗಮಕಗಳ ಪಟ್ಟಿ ಎಲ್ಲವನ್ನೂ ತಾನೇ ಬರೆದ. ಮೊದಲ ಪಾಠದಲ್ಲಿ ಯಾವ ಸ್ವರಕ್ಕೆ ಯಾವ ಬೆರಳು ಎಂದು ಒಂದೊಂದಕ್ಕೂ ಅಂಕಿ ಹಾಕಿದ. ಆ ಬೆರಳಪಾಠದ ನೆತ್ತಿಯ ಮೇಲೆ 'ಯೇಸುವಿನ ಹೆಸರಿನಲ್ಲಿ' ಎಂಬುದನ್ನು ಸೂಚಿಸುವ ಮೂರು ಲ್ಯಾಟಿನ್ ಅಕ್ಷರಗಳಿವೆ. ಚರ್ಚಿಗೆಂದು ಬರೆದ ದೊಡ್ಡ ಕೃತಿಗಳ ಕೊನೆಯಲ್ಲೂ 'ಮಹಿಮೆ ದೇವರೊಬ್ಬನಿಗೇ' ಎಂದು ಚುಟುಕಾಗಿ ಗುರುತು ಹಾಕುತ್ತಿದ್ದ. ಸಭೆಯ ಮುಂದೆ ಹಾಡಿಸುವ ಕೃತಿಗೆ ಸಲ್ಲುವ ಗೌರವವೇ ಮಗುವಿನ ಅಭ್ಯಾಸದ ಹಾಳೆಗೂ ಸಂದಿತ್ತು. ನಾವು ಪೂಜೆ ಮುಗಿಸಿ ಕೆಲಸಕ್ಕೆ ಹೊರಡುತ್ತೇವೆ, ಮಗುವನ್ನು ಟ್ಯೂಷನ್ನಿಗೆ ಕಳಿಸಿ ಕೈತೊಳೆದುಕೊಳ್ಳುತ್ತೇವೆ. ಅವನಲ್ಲಿ ಪೂಜೆ, ಕೆಲಸ, ಮಗು ಮೂರೂ ಒಂದೇ ಹಾಳೆಯ ಮೇಲೆ ಕೂತವು.

ಅದೇ ವರ್ಷದ ಬೇಸಿಗೆಯಲ್ಲಿ ಕ್ಯೋಥೆನ್‌ನ ದೊರೆಯ ಜೊತೆ ಕಾರ್ಲ್ಸ್‌ಬಾಡ್ ಎಂಬ ಊರಿಗೆ ಹೋಗಿದ್ದ. ಮರಳಿ ಮನೆಗೆ ಕಾಲಿಟ್ಟಾಗ ಹೆಂಡತಿ ಮಾರಿಯಾ ಬಾರ್ಬರಾ ತೀರಿಹೋಗಿ ಮಣ್ಣು ಮಾಡಿಯೂ ಆಗಿತ್ತು. ಮನೆಯಲ್ಲಿ ತಾಯಿಯಿಲ್ಲದ ನಾಲ್ಕು ಮಕ್ಕಳು, ಕಿರಿಯವನಿಗೆ ಐದು ವರ್ಷ. ಮರುವರ್ಷ ಡಿಸೆಂಬರಿನಲ್ಲಿ ಆಸ್ಥಾನದ ಗಾಯಕಿ, ಇಪ್ಪತ್ತರ ಹರೆಯದ ಆನಾ ಮಗ್ದಲೇನಾಳನ್ನು ಮದುವೆಯಾದ. ಎರಡು ಮದುವೆಯಿಂದ ಒಟ್ಟು 20 ಮಕ್ಕಳು. ದೊಡ್ಡವರಾಗಿ ಬೆಳೆದವರು ಹತ್ತೇ ಮಂದಿ. ಹದಿಮೂರು ಹೆತ್ತು ಏಳನ್ನು ಮಣ್ಣಿಗಿಟ್ಟ ಆ ಹೆಣ್ಣುಜೀವದ ಬವಣೆಯನ್ನು ಗಂಡನ ಭಕ್ತಿಯ ಲೆಕ್ಕಕ್ಕೆ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

1723ರಲ್ಲಿ ಸಂಸಾರ ಲೈಪ್ಜಿಗ್‌ಗೆ ಬಂತು. ಅದಕ್ಕೆ ಬಾಖ್ ಕೊಟ್ಟ ಕಾರಣಗಳಲ್ಲೊಂದು ಗಂಡುಮಕ್ಕಳ ಓದು. ಆ ಊರಲ್ಲಿ ವಿಶ್ವವಿದ್ಯಾಲಯವಿತ್ತು. ಚರ್ಚುಗಳ ಸಂಗೀತದ ಹೊಣೆ ಹೊತ್ತು, ಸೇಂಟ್ ಥಾಮಸ್ ಶಾಲೆಯ ಕಟ್ಟಡದಲ್ಲೇ ವಾಸ. ಮೊದಲ ವರ್ಷಗಳಲ್ಲಿ ಹೆಚ್ಚುಕಡಿಮೆ ಪ್ರತಿ ಭಾನುವಾರಕ್ಕೂ ಒಂದು ಹೊಸ ಗಾಯನಕೃತಿ ಬೇಕಿತ್ತು. ಬರೆದರೆ ಸಾಲದು, ಹಾಡುವವರಿಗೂ ನುಡಿಸುವವರಿಗೂ ಬೇರೆಬೇರೆ ಪ್ರತಿ ಎತ್ತಬೇಕು. ಹೆಂಡತಿ, ಗಂಡುಮಕ್ಕಳು, ಶಿಷ್ಯರು ಈ ಕೆಲಸಕ್ಕೆ ಕೂರುತ್ತಿದ್ದರು. ಬಾಖ್‌ನ ಚೆಲ್ಲೋ ಕೃತಿಗಳನ್ನು ಇಂದು ಜಗತ್ತು ನುಡಿಸುತ್ತಿದೆಯಲ್ಲ, ಅವನ ಸ್ವಂತ ಹಸ್ತಪ್ರತಿ ಕಳೆದುಹೋಗಿದೆ. ಉಳಿದಿರುವ ಮುಖ್ಯ ಪ್ರತಿ ಆನಾ ಮಗ್ದಲೇನಾಳ ಕೈಬರಹದ್ದು. 1730ರಲ್ಲಿ ಹಳೆಯ ಗೆಳೆಯನಿಗೆ ಬರೆದ ಪತ್ರದಲ್ಲಿ ಸಂಬಳ, ಮೇಲಧಿಕಾರಿಗಳ ಕಿರುಕುಳ, ಊರಿನ ದುಬಾರಿ ಖರ್ಚು ಎಲ್ಲವನ್ನೂ ತೋಡಿಕೊಂಡ. ಹವೆ ಚೆನ್ನಾಗಿದ್ದರೆ ಸಾಯುವವರು ಕಡಿಮೆ, ಶವಸಂಸ್ಕಾರದ ಆದಾಯಕ್ಕೂ ಖೋತಾ ಎಂದು ಗೊಣಗಿದ. ಕೊನೆಗೆ ಮಾತು ಮನೆಯವರ ಕಡೆಗೆ ಹೊರಳಿದಾಗ ದನಿಯೇ ಬೇರೆ. ಮನೆಯವರಿಂದಲೇ ಒಂದು ಕಛೇರಿ ನಡೆಸಬಲ್ಲೆ, ಹೆಂಡತಿಯ ಕಂಠ ಚೆನ್ನಾಗಿದೆ, ಹಿರಿಮಗಳೂ ದನಿಗೂಡಿಸುತ್ತಾಳೆ ಎಂದು ಹೆಮ್ಮೆಪಟ್ಟ.

ಇಷ್ಟೆಲ್ಲ ಓದಿ ಅವನನ್ನು ಶಾಂತಮೂರ್ತಿ ಎಂದುಕೊಳ್ಳಬೇಡಿ. ಮೂಗಿನ ತುದಿಯಲ್ಲೇ ಕೋಪ. 1717ರಲ್ಲಿ ಕೆಲಸದಿಂದ ಬಿಡುಗಡೆಗಾಗಿ ಹಟ ಹಿಡಿದದ್ದಕ್ಕೆ ವೈಮಾರ್‌ನ ದೊರೆ ಅವನನ್ನು ಸುಮಾರು ನಾಲ್ಕು ವಾರ ಸೆರೆಯಲ್ಲಿಟ್ಟಿದ್ದ. ಲೈಪ್ಜಿಗ್ ನಗರಸಭೆಯೊಂದಿಗಿನ ಜಗಳ ಮುಗಿದದ್ದೇ ಇಲ್ಲ. ಭಕ್ತಿ ಅವನ ಸ್ವಭಾವವನ್ನು ತಿದ್ದಲಿಲ್ಲ. ತಾಳ ತಪ್ಪದಂತೆ ನೋಡಿಕೊಂಡಿತು, ಅಷ್ಟೇ. ಸಿಟ್ಟಿನ ದಿನವೂ ಕೆಲಸ ನಿಲ್ಲಲಿಲ್ಲ. ದೇವರ ಮುಂದೆ ಕೂತರೂ ಮನಸ್ಸು ನಿಲ್ಲುತ್ತಿಲ್ಲ ಎಂದು ಹಲುಬುವವರಿಗೆ ಇದರಲ್ಲಿ ಸಮಾಧಾನವಿದೆ.

ಮಕ್ಕಳೆಲ್ಲ ದಾರಿಗೆ ಬಂದರೆಂದೂ ಇಲ್ಲ. ಬರ್ನ್‌ಹಾರ್ಡ್ ಎಂಬ ಮಗ 1738ರಲ್ಲಿ ಸಾಲ ಮಾಡಿ, ಕೆಲಸ ಬಿಟ್ಟು ನಾಪತ್ತೆಯಾದ. ಹಿಂದೊಮ್ಮೆ ಮಗನ ಸಾಲ ತೀರಿಸಿದ್ದ ತಂದೆ ಈ ಸಲ ಲಿಖಿತ ಪುರಾವೆಯಿಲ್ಲದೆ ಕಾಸು ಬಿಚ್ಚುವುದಿಲ್ಲ ಎಂದ. ಮಗನನ್ನು ದೇವರ ಕರುಣೆಗೆ ಬಿಟ್ಟಿದ್ದೇನೆ ಎಂದೂ ಬರೆದ. ಮರುವರ್ಷವೇ ಆ ಹುಡುಗ ಯೇನಾದಲ್ಲಿ ತೀರಿಕೊಂಡ. ವಯಸ್ಸು ಇಪ್ಪತ್ತನಾಲ್ಕು.

ಬಾಖ್ ಓದುತ್ತಿದ್ದ ಮೂರು ಸಂಪುಟದ ವ್ಯಾಖ್ಯಾನಸಹಿತ ಬೈಬಲ್ ಈಗ ಅಮೆರಿಕದ ಸೇಂಟ್ ಲೂಯಿಯಲ್ಲಿದೆ. ಅಂಚುಗಳಲ್ಲಿ ಅವನ ಟಿಪ್ಪಣಿಗಳಿವೆ. ಭಕ್ತಿಯಿಂದ ನುಡಿಸುವ ಕಡೆ ದೇವರ ಅನುಗ್ರಹ ಹಾಜರಿರುತ್ತದೆ ಎಂಬ ಅರ್ಥದ ಟಿಪ್ಪಣಿ ಅವುಗಳಲ್ಲೊಂದು. ಸತ್ತಾಗ ಮನೆಯಲ್ಲಿದ್ದ ಧಾರ್ಮಿಕ ಗ್ರಂಥಗಳೇ 50ಕ್ಕೂ ಹೆಚ್ಚು.

ಇಲ್ಲದ್ದು ಉಯಿಲು. ಇಷ್ಟು ಕಟ್ಟುನಿಟ್ಟಿನ ಮನುಷ್ಯ ಅದೊಂದನ್ನು ಬರೆದಿಡಲಿಲ್ಲ. ಆಸ್ತಿಯಲ್ಲಿ ಮೂರನೆಯ ಒಂದು ಭಾಗ ಹೆಂಡತಿಗೆ, ಉಳಿದದ್ದು ಒಂಬತ್ತು ಮಕ್ಕಳಿಗೆ ಹಂಚಿಹೋಯಿತು. ಕೆಲಸಕ್ಕೆ ಸೇರಿದ್ದ ಗಂಡುಮಕ್ಕಳು ತಮ್ಮ ತಮ್ಮ ಉದ್ಯೋಗದ ಊರುಗಳಲ್ಲಿದ್ದರು. ಆನಾ ಮಗ್ದಲೇನಾ 1760ರಲ್ಲಿ ಧರ್ಮದ ದುಡ್ಡಿನ ಆಸರೆಯಲ್ಲಿ ತೀರಿಕೊಂಡಳು. ಕಿರಿಮಗಳು ರೆಗೀನಾ ಸುಸಾನಳಿಗಾಗಿ 1800ರಲ್ಲಿ ಲೈಪ್ಜಿಗ್‌ನ ಸಂಗೀತ ಪತ್ರಿಕೆಯೊಂದು ಸಾರ್ವಜನಿಕರಲ್ಲಿ ನೆರವು ಬೇಡಬೇಕಾಯಿತು. ಮಗನ ಬೆರಳುಗಳಿಗೆ ಅಂಕಿ ಹಾಕಿಕೊಟ್ಟವನ ಮಗಳು ಅವಳು. ಮನೆಯವರ ಮೇಲೆ ಪ್ರೀತಿಯಿದ್ದರೆ ಈ ವಾರವೇ ಕೂತು ಉಯಿಲು ಬರೆಯಿರಿ, ಬ್ಯಾಂಕ್ ಖಾತೆಗೆ ನಾಮಿನಿ ಹೆಸರು ಇದೆಯೇ ನೋಡಿ, ಕಾಗದಪತ್ರ ಎಲ್ಲಿಟ್ಟಿದ್ದೀರಿ ಎಂದು ಹೆಂಡತಿಗೆ ತಿಳಿಸಿ.