ಆಡದ ದಿನದ ಸಂಬಳ

ಕಾಲು ಮುರಿದುಕೊಂಡು ಮಲಗಿದ ಫುಟ್‌ಬಾಲ್ ಆಟಗಾರನಿಗೆ ಪೂರ್ತಿ ಸಂಬಳ ಕೊಡಬೇಕೆ? ಈ ಪ್ರಶ್ನೆ ನಮ್ಮಂಥ ಸಣ್ಣ ಊರಿನ ಹೆಂಗಸರಿಗೆ ಯಾಕೆ ಬೇಕು ಎಂದು ನೀವು ಕೇಳಬಹುದು. ನಮ್ಮ ಮನೆಗಳಲ್ಲಿ ಫುಟ್‌ಬಾಲ್ ಎಂದರೆ ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬಂದಾಗ ಮಕ್ಕಳು ನಡುರಾತ್ರಿಯವರೆಗೆ ಟೀವಿ ಮುಂದೆ ಕೂರುವುದು, ಬೆಳಿಗ್ಗೆ ಏಳಲಾರದೆ ಕಾಲೇಜಿಗೆ ತಡಮಾಡುವುದು, ಅಷ್ಟೆ. ಆದರೂ ಇದು ನಮ್ಮದೇ ಪ್ರಶ್ನೆ ಎಂದು ನನಗನ್ನಿಸುತ್ತದೆ. ದುಡಿಯುವ ಮೈ ದುಡಿಯಲಾರದೆ ಹೋದಾಗ ಅದರ ಹೊಣೆ ಯಾರದು ಎಂಬುದೇ ಇದರ ಒಳಗಿರುವ ಮಾತು.

ನನ್ನ ನಾದಿನಿ ಒಂದು ಖಾಸಗಿ ಶಾಲೆಯಲ್ಲಿ ಟೀಚರು. ಈ ವಿಷಯ ಬಂದಾಗ ಅವಳು ಖಾರವಾಗಿಯೇ ಹೇಳಿದಳು: "ಅಲ್ಲ ಅತ್ತಿಗೆ, ನನಗೆ ಒಂದು ವಾರ ಜ್ವರ ಬಂದರೆ ಸಂಬಳ ಕತ್ತರಿಸ್ತಾರೆ. ವಾರಕ್ಕೆ ಲಕ್ಷಗಟ್ಟಲೆ ಎಣಿಸೋನಿಗೆ ಆರು ತಿಂಗಳು ಮಲಗಿದ್ರೂ ಪೂರ್ತಿ ಕೊಡಬೇಕಾ? ಅವನಿಗೇನು ಕೊಂಬಿದೆಯಾ?" ಅವಳ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ತಿರುಗಬೇಕಾದ ದಿಕ್ಕು ಬೇರೆ. ತಪ್ಪಿರುವುದು ಇವಳ ಸಂಬಳ ಕತ್ತರಿಸುವುದರಲ್ಲಿ, ಅವನಿಗೆ ಕೊಡುವುದರಲ್ಲಿ ಅಲ್ಲ. ನಮ್ಮ ಮನೆಯ ಸೂರು ಸೋರುತ್ತದೆಂದು ಪಕ್ಕದ ಮನೆಯ ಹೆಂಚು ತೆಗೆಸಿದರೆ ನಮ್ಮ ಮನೆ ಒಣಗುತ್ತದೆಯೆ?

ಸಂಬಳ ಯಾವುದಕ್ಕೆ ಕೊಡುತ್ತಾರೆ ಎಂದು ಮೊದಲು ಯೋಚಿಸಬೇಕು. ತೊಂಬತ್ತು ನಿಮಿಷ ಮೈದಾನದಲ್ಲಿ ಓಡಿದ್ದಕ್ಕೆ ಮಾತ್ರವೆ? ಹಾಗಿದ್ದರೆ ಆಡದವನಿಗೆ ಏನೂ ಕೊಡಬೇಕಿಲ್ಲ. ಆದರೆ ಆ ತೊಂಬತ್ತು ನಿಮಿಷಕ್ಕಾಗಿ ಅವನು ತನ್ನ ಮೊಣಕಾಲು, ಪಾದದ ಕೀಲು, ತಲೆ ಎಲ್ಲವನ್ನೂ ಅಪಾಯಕ್ಕೆ ಒಡ್ಡುತ್ತಾನೆ. ಗಾಯವಾಗುವುದು ಆ ಕೆಲಸಕ್ಕೆ ಹೊರಗಿನಿಂದ ಬಂದ ಆಪತ್ತಲ್ಲ, ಆ ಕೆಲಸದ ಒಳಗೇ ಇರುವಂಥದು. ಒಲೆಯ ಮುಂದೆ ನಿಲ್ಲುವವಳ ಕೈ ಸುಡುವ ಹಾಗೆ.

ಇಂಗ್ಲೆಂಡಿನ ಬ್ರಿಯಾನ್ ಕ್ಲಫ್ ಎಂಬ ಆಟಗಾರನ ಕಥೆ ಇಲ್ಲಿ ನೆನಪಾಗುತ್ತದೆ. 274 ಲೀಗ್ ಪಂದ್ಯಗಳಲ್ಲಿ 251 ಗೋಲು ಹೊಡೆದವನು. 1962ರ ಡಿಸೆಂಬರ್ 26ರಂದು ಸಂಡರ್‌ಲೆಂಡ್ ತಂಡದ ಪರವಾಗಿ ಬರಿ ತಂಡದ ವಿರುದ್ಧ ಆಡುತ್ತಿದ್ದಾಗ ಎದುರಾಳಿ ಗೋಲ್‌ಕೀಪರಿಗೆ ಡಿಕ್ಕಿಯಾಗಿ ಬಿದ್ದ. ಮೊಣಕಾಲಿನ ಲಿಗಮೆಂಟ್ ಹರಿದಿತ್ತು. ಆಗ ಅವನಿಗೆ 27 ವರ್ಷ. ಸುಮಾರು ಎರಡು ವರ್ಷ ಒದ್ದಾಡಿ ಮತ್ತೆ ಮೈದಾನಕ್ಕಿಳಿದು ಮೂರೇ ಲೀಗ್ ಪಂದ್ಯ ಆಡಿದ. 29ನೇ ವಯಸ್ಸಿಗೆ ಆಟ ಮುಗಿಯಿತು. ನಮ್ಮ ಕಡೆ ಆ ವಯಸ್ಸಿಗೆ ಎಷ್ಟೋ ಹುಡುಗರಿಗೆ ಮೊದಲ ನೌಕರಿಯೇ ಸಿಕ್ಕಿರುವುದಿಲ್ಲ. ಮುಂದೆ ಅವನು ತರಬೇತುದಾರನಾಗಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡಕ್ಕೆ 1979 ಮತ್ತು 1980ರಲ್ಲಿ ಯುರೋಪಿಯನ್ ಕಪ್ ಗೆದ್ದುಕೊಟ್ಟ. ಆದರೆ ಹಾಗೆ ಮೇಲೆದ್ದವನು ಅವನೊಬ್ಬ. ಮೊಣಕಾಲು ಕಳೆದುಕೊಂಡು ಹೆಸರಿಲ್ಲದೆ ಹೋದವರ ಲೆಕ್ಕ ಇಟ್ಟವರು ಯಾರು?

ಆಗಿನ ಆಟಗಾರರು ಶ್ರೀಮಂತರೂ ಅಲ್ಲ. ಇಂಗ್ಲೆಂಡಿನಲ್ಲಿ 1961ರ ಜನವರಿಯವರೆಗೆ ಆಟಗಾರನ ಸಂಬಳಕ್ಕೆ ಮೇಲ್ಮಿತಿ ಇತ್ತು, ವಾರಕ್ಕೆ 20 ಪೌಂಡು. ಜಿಮ್ಮಿ ಹಿಲ್ ಎಂಬಾತನ ಮುಂದಾಳುತನದಲ್ಲಿ ಆಟಗಾರರ ಸಂಘ ಮುಷ್ಕರ ಹೂಡುವ ಬೆದರಿಕೆ ಹಾಕಿದ ಮೇಲೆಯೇ ಆ ಮಿತಿ ಹೋದದ್ದು. ಕಾರ್ಮಿಕರಂತೆ ಸಂಘ ಕಟ್ಟಿ, ಕಾರ್ಮಿಕರಂತೆ ಹೋರಾಡಿ ಪಡೆದ ಹಕ್ಕುಗಳು ಇವು. ಇವತ್ತು ಅಲ್ಲಿನ ಪ್ರೀಮಿಯರ್ ಲೀಗಿನ ಕರಾರಿನಲ್ಲಿ ಆಟದಲ್ಲೋ ಅಭ್ಯಾಸದಲ್ಲೋ ಆದ ಗಾಯಕ್ಕೆ ಮೊದಲ 18 ತಿಂಗಳು ಪೂರ್ತಿ ಮೂಲ ವೇತನ, ಆ ಮೇಲೆ ಅರ್ಧ ಎಂದು ಬರೆದಿರುತ್ತದೆ. ಬೇರೆ ಕಾಯಿಲೆಯಾದರೆ ಪೂರ್ತಿ ಸಂಬಳ 12 ತಿಂಗಳು. ಜರ್ಮನಿಯಲ್ಲಿ ಎಲ್ಲ ನೌಕರರಿಗೂ ಇರುವ ಹಾಗೆ ಆರು ವಾರ ಮಾಲೀಕನೇ ಪೂರ್ತಿ ಸಂಬಳ ಕೊಡಬೇಕು. ಕೆಲಸದಲ್ಲಾದ ಗಾಯವಾದರೆ ಮುಂದಿನದನ್ನು ಅಪಘಾತ ವಿಮೆ ನೋಡಿಕೊಳ್ಳುತ್ತದೆ.

'ಮೂಲ ವೇತನ' ಎಂಬ ಮಾತನ್ನು ಗಮನಿಸಿ. ಆಡಿದ ಪಂದ್ಯಕ್ಕೆ, ಹೊಡೆದ ಗೋಲಿಗೆ ಸಿಗುವ ಬೋನಸ್ಸು ಮಲಗಿದವನಿಗೆ ಸಿಗುವುದಿಲ್ಲ. ಇದು ನನಗೆ ಸರಿಯಾಗಿಯೇ ಕಾಣುತ್ತದೆ. ಗೆದ್ದದ್ದರ ಪಾಲು ಗೆದ್ದವರಿಗೆ. ಮನೆಯ ಬಾಡಿಗೆ, ಮಕ್ಕಳ ಫೀಸು, ತಾಯಿಗೆ ಕಳಿಸುವ ಹಣ ಇವಕ್ಕೆ ಆಧಾರವಾದದ್ದು ಮಾತ್ರ ಮುರಿಯಬಾರದು.

ಈಗ ಎದುರು ಮಾತುಗಳನ್ನು ನೋಡೋಣ. ಮೊದಲನೆಯದು, ಪೂರ್ತಿ ಸಂಬಳ ಸಿಕ್ಕರೆ ನೋವಿಲ್ಲದವನೂ ನೋವೆನ್ನುತ್ತಾನೆ ಎಂಬ ಅನುಮಾನ. ಕ್ಲಫ್ ನೆಲಕ್ಕೆ ಬಿದ್ದಾಗಲೂ, ಇವನು ನಾಟಕ ಮಾಡುತ್ತಿದ್ದಾನೆಂದು ಎದುರು ತಂಡದವನೊಬ್ಬ ರೆಫರಿಗೆ ಹೇಳಿದನಂತೆ. ಅದನ್ನು ಕ್ಲಫ್ ಕೊನೆಯವರೆಗೂ ಕ್ಷಮಿಸಲಿಲ್ಲ. ನೋವಾದವರನ್ನು ಸುಳ್ಳರೆನ್ನುವುದು ನಮಗೆ, ಹೆಂಗಸರಿಗೆ, ಹೊಸದೇನಲ್ಲ. ಸೊಂಟ ಹಿಡಿದುಕೊಂಡಿದೆ ಎಂದರೆ ಸೋಮಾರಿತನ, ತಲೆನೋವೆಂದರೆ ನೆಪ ಎಂಬ ಮಾತನ್ನು ಕೇಳದೆ ಸಂಸಾರ ಮಾಡಿದವರು ನಮ್ಮಲ್ಲಿ ಎಷ್ಟು ಜನ? ಸುಳ್ಳು ಹೇಳುವವರು ಇರಬಹುದು. ಅದನ್ನು ಪತ್ತೆ ಮಾಡಲು ವೈದ್ಯರಿದ್ದಾರೆ. ಒಬ್ಬ ಸುಳ್ಳನಿಗಾಗಿ ಹತ್ತು ಜನ ನೊಂದವರ ಅನ್ನ ಕಿತ್ತುಕೊಳ್ಳುವುದು ನ್ಯಾಯವಲ್ಲ.

ಈ ಅನುಮಾನಕ್ಕಿಂತ ದೊಡ್ಡ ಅಪಾಯ ಇನ್ನೊಂದು ಕಡೆ ಇದೆ. ಸಂಬಳ ಅರ್ಧವಾದರೆ ಗಾಯ ಮಾಗುವ ಮುಂಚೆಯೇ ಅವನು ಎದ್ದು ಓಡುತ್ತಾನೆ. ಮೊಣಕಾಲಿಗೆ ಕಾರ್ಟಿಸೋನ್ ಇಂಜೆಕ್ಷನ್ ಚುಚ್ಚಿಸಿಕೊಂಡು ಆಡಿ, ನಡುವಯಸ್ಸಿಗೆ ಮೆಟ್ಟಿಲು ಹತ್ತಲಾರದೆ ಹೋದ ಹಳೆಯ ಆಟಗಾರರು ಇಂಗ್ಲೆಂಡಿನಲ್ಲಿ ಬೇಕಾದಷ್ಟು ಜನ. ಬಾಣಂತನದ ಹಾಸಿಗೆಯಿಂದ ಬೇಗ ಎದ್ದು ನೀರು ಹೊತ್ತ ನಮ್ಮ ಹಿರಿಯರ ಸೊಂಟ ನೆನಪಿಸಿಕೊಳ್ಳಿ. ಮಲಗುವ ಹಕ್ಕಿಲ್ಲದವರ ಮೈ ಹೇಗಾಗುತ್ತದೆಂದು ಹೆಂಗಸರಿಗೆ ಯಾರೂ ಕಲಿಸಬೇಕಿಲ್ಲ.

ಎರಡನೆಯದು, ಅವನು ಶ್ರೀಮಂತ, ಕೂಡಿಟ್ಟದ್ದರಲ್ಲಿ ಬದುಕಲಿ ಎಂಬ ಮಾತು. ಕೆಲವರು ನಿಜಕ್ಕೂ ಶ್ರೀಮಂತರು. ಆದರೆ ನಿಯಮ ಬರೆಯುವುದು ಆ ನಾಲ್ಕು ಜನರಿಗಲ್ಲ. ಕೆಳಗಿನ ಲೀಗುಗಳಲ್ಲಿ ಸಾಧಾರಣ ಸಂಬಳಕ್ಕೆ ಆಡುವ ಹುಡುಗನಿಗೂ ಮೊಣಕಾಲು ಎರಡೇ. ದೊಡ್ಡ ಆಟಗಾರನ ಸಂಬಳ ಅತಿಯಾಯಿತು ಎನ್ನುವುದಾದರೆ ಕರಾರಿಗೆ ಸಹಿ ಹಾಕುವಾಗ ಜಗಳವಾಡಬೇಕು, ಅವನನ್ನು ಸ್ಟ್ರೆಚರಿನ ಮೇಲೆ ಹೊತ್ತೊಯ್ಯುವಾಗ ಅಲ್ಲ.

ಮೂರನೆಯದು, ಕ್ಲಬ್ಬಿನ ಕಷ್ಟ. ಇವನಿಗೂ ಕೊಡಬೇಕು, ಇವನ ಜಾಗಕ್ಕೆ ಬಂದವನಿಗೂ ಕೊಡಬೇಕು. ಇದು ನಿಜವಾದ ಕಷ್ಟವೇ. ದೊಡ್ಡವರು ಇದಕ್ಕೆ ದಾರಿ ಕಂಡುಕೊಂಡಿದ್ದಾರೆ. ದೇಶದ ಪರ ಆಡುವಾಗ ಗಾಯಗೊಂಡವನ ಸಂಬಳದ ಭಾರ ಕ್ಲಬ್ಬಿನ ಮೇಲೆ ಬೀಳದಿರಲೆಂದು ಫಿಫಾ 2012ರಲ್ಲಿ ಒಂದು ಯೋಜನೆ ತಂದಿತು. ಗಾಯ 28 ದಿನ ಮೀರಿದರೆ ದಿನಕ್ಕೆ 20,548 ಯೂರೋವರೆಗೆ ಕ್ಲಬ್ಬಿಗೆ ತುಂಬಿಕೊಡುವುದೆಂದು ಆಗ ಗೊತ್ತುಮಾಡಿದರು. ನಷ್ಟವನ್ನು ಹಲವರ ಮೇಲೆ ಹಂಚಿದರೆ ಯಾರೂ ಮುಳುಗುವುದಿಲ್ಲ ಎಂಬ ಹಳೆಯ ಲೆಕ್ಕ ಇದು. ನಮ್ಮಲ್ಲಿ ಇಎಸ್‌ಐ ಇರುವುದೂ ಇದೇ ಲೆಕ್ಕದ ಮೇಲೆ. ಆ ವಿಮೆಯಲ್ಲಿರುವ ಗಾರ್ಮೆಂಟ್ಸ್ ಹುಡುಗಿಯ ಬೆರಳಿಗೆ ಹೊಲಿಗೆ ಯಂತ್ರದ ಸೂಜಿ ಹೊಕ್ಕರೆ, ಕೆಲಸ ಮಾಡಲಾಗದ ಅಷ್ಟೂ ದಿನ ಕೂಲಿಯ ನೂರಕ್ಕೆ 90ರಷ್ಟು ಸಿಗುತ್ತದೆ. ಬೆಂಗಳೂರಿನ ಎಚ್‌ಎಎಲ್, ಐಟಿಐ ತಂಡಗಳ ಕಾಲದಲ್ಲಿ ಫುಟ್‌ಬಾಲ್ ಆಡುವವರು ಕಾರ್ಖಾನೆಯ ನೌಕರರೂ ಆಗಿದ್ದರು. ಆಟ ನಿಂತರೂ ಹಾಜರಿ ಪುಸ್ತಕದಲ್ಲಿ ಹೆಸರಿರುತ್ತಿತ್ತು.

ಹೆಂಗಸರೂ ಸಂಬಳಕ್ಕೆ ಫುಟ್‌ಬಾಲ್ ಆಡುವ ಕಾಲ ಇದು. ಐಸ್‌ಲೆಂಡಿನ ಸಾರಾ ಬ್ಯೋರ್ಕ್ ಗುನ್ನಾರ್ಸ್‌ಡೋಟಿರ್ ಫ್ರಾನ್ಸಿನ ಲಿಯೋನ್ ಕ್ಲಬ್ಬಿನಲ್ಲಿ ಆಡುತ್ತಿದ್ದಾಗ ಬಸುರಿಯಾದಳು. 2021ರಲ್ಲಿ ಅವಳಿಗೆ ಬರಬೇಕಾದ ಸಂಬಳ ಪೂರ್ತಿ ಬರಲಿಲ್ಲ. ಅವಳು ಸುಮ್ಮನಿರದೆ ಫಿಫಾದ ನ್ಯಾಯಮಂಡಳಿಗೆ ಹೋದಳು. 82 ಸಾವಿರಕ್ಕೂ ಹೆಚ್ಚು ಯೂರೋ ಕೊಡಬೇಕೆಂದು ತೀರ್ಪು ಬಂತು. 2023ರ ಜನವರಿಯಲ್ಲಿ ಲೋಕಕ್ಕೆ ಇದು ತಿಳಿಯಿತು. ಬಸಿರು ಗಾಯವಲ್ಲ, ಕಾಯಿಲೆಯೂ ಅಲ್ಲ. ಆದರೆ ಪ್ರಶ್ನೆ ಅದೇ: ಮೈ ಓಡುತ್ತಿರುವಷ್ಟು ದಿನ ಮಾತ್ರ ಮನುಷ್ಯಳೆ? ಹೆರಿಗೆಗೆ ಕನಿಷ್ಠ 14 ವಾರ ರಜೆ, ಸಂಬಳದ ಮೂರನೆಯ ಎರಡು ಪಾಲು ಎಂಬ ಫಿಫಾ ನಿಯಮ ಜಾರಿಗೆ ಬಂದದ್ದೇ 2021ರ ಜನವರಿಯಲ್ಲಿ. ಎಷ್ಟು ತಡ ನೋಡಿ!

ಇಷ್ಟೆಲ್ಲ ಓದಿ ನೀವು ಹೌದೆನ್ನಬಹುದು. ದೂರದವರ ವಿಷಯದಲ್ಲಿ ಹೌದೆನ್ನುವುದು ಸುಲಭ, ಖರ್ಚಿಲ್ಲ. ಆದರೆ ಇದೇ ನ್ಯಾಯವನ್ನು ನಮ್ಮ ಹಿತ್ತಲ ಬಾಗಿಲಿಗೆ ತಂದು ನೋಡೋಣ. ಪಾತ್ರೆ ತೊಳೆಯಲು ಬರುವವಳು ಬಚ್ಚಲ ಪಾಚಿಯ ಮೇಲೆ ಜಾರಿ ಬಿದ್ದು ಕೈ ಮುರಿದುಕೊಂಡಳೆನ್ನಿ. ಆರು ವಾರ ಪ್ಲಾಸ್ಟರು. ಅವಳ ಕೈಯಲ್ಲಿ ಕರಾರಿಲ್ಲ, ಅವಳಿಗೆ ಸಂಘವಿಲ್ಲ, ಫಿಫಾ ಇಲ್ಲ. ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾಳೆ, ಬಿದ್ದದ್ದು ಒಂದು ಮನೆಯಲ್ಲಿ. ಯಾರು ಕೊಡಬೇಕು? ಆಸ್ಪತ್ರೆ ಖರ್ಚಿಗೆಂದು ಐನೂರು ರೂಪಾಯಿ ಕೈಗಿಟ್ಟು, ಬೇರೆಯವಳನ್ನು ಗೊತ್ತುಮಾಡಿಕೊಂಡು, ಅಲ್ಲಿಗೆ ಮುಗಿಯಿತು ಎನ್ನುವ ಮನೆಗಳೇ ಹೆಚ್ಚು. ಆ ಐನೂರು ರೂಪಾಯಿ ಕೊಟ್ಟಾಗ ನಮಗೆ ಉದಾರಿಗಳೆಂಬ ಸಮಾಧಾನವೂ ಸಿಗುತ್ತದೆ. ಅದು ದಾನವಲ್ಲ, ಬಾಕಿ ಎಂಬುದು ಹೊಳೆಯುವುದಿಲ್ಲ.

ನನ್ನ ಲೆಕ್ಕ ಹೀಗೆ. ಬಿದ್ದ ಮನೆಯವರು ಚಿಕಿತ್ಸೆಯ ಖರ್ಚು ಕೊಡಲಿ, ಆ ಪಾಚಿ ಅವರದು. ಸಂಬಳವನ್ನು ನಾಲ್ಕೂ ಮನೆಯವರು ತಮ್ಮ ತಮ್ಮ ಪಾಲಿನಷ್ಟು ಆ ಆರು ವಾರವೂ ಕೊಡಲಿ. ಅವಳ ಆ ಕೈ ನಾಲ್ಕೂ ಮನೆಗಳಲ್ಲಿ ಸವೆದದ್ದು. ಬದಲಿಗೆ ಬಂದವಳ ಕೂಲಿ ಹೆಚ್ಚಿನ ಭಾರವೆಂದು ಕಂಡರೆ ಆರು ವಾರ ನಮ್ಮ ಮನೆಯವರೆಲ್ಲ ಸೇರಿ ಪಾತ್ರೆ ತೊಳೆಯೋಣ. ಗಂಡಸರೂ ತೊಳೆಯಲಿ, ವಿಶ್ವಕಪ್ ನೋಡಲು ರಾತ್ರಿಯೆಲ್ಲ ಎಚ್ಚರವಿರುವ ಮಕ್ಕಳೂ ತೊಳೆಯಲಿ. ನೀವು ಬೇರೆ ಲೆಕ್ಕ ಹಾಕಬಹುದು, ಹಾಕಿ. ಆದರೆ ಆ ಆರು ವಾರ ಅವಳ ಮನೆಯ ಒಲೆ ಹೇಗೆ ಉರಿಯಬೇಕೆಂಬುದೂ ಆ ಲೆಕ್ಕದಲ್ಲಿರಲಿ.