ಮೃಗಗಳ ಹಾದಿಯ ಋಣ

ಮಹಾರಾಷ್ಟ್ರದ ಪೆಂಚ್ ಅರಣ್ಯವನ್ನು ಸೀಳಿ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಗೊಳಿಸುವಾಗ ಸರಕಾರವು ಒಂಬತ್ತು ಕಡೆ ಸೇತುವೆ ಕಟ್ಟಿ, ವನ್ಯಮೃಗಗಳಿಗೆ ಅಡಿಯಲ್ಲಿ ದಾರಿ ಬಿಟ್ಟಿತು. 2019ರಲ್ಲಿ ಅಲ್ಲಿರಿಸಿದ ಕ್ಯಾಮರಾಗಳಲ್ಲಿ ಹುಲಿ, ಕಾಡುನಾಯಿ, ಜಿಂಕೆಗಳು ದಾಟುವ ಚಿತ್ರಗಳು ಮೂಡಿದವು.

ಶಾಲೆಗೆ ಸೂರಿಲ್ಲದ ನಾಡಿನಲ್ಲಿ ಮೃಗಗಳಿಗಾಗಿ ಕೋಟಿಗಟ್ಟಲೆ ವೆಚ್ಚವೇ ಎಂದು ಕೇಳುವವರುಂಟು. ಪ್ರಶ್ನೆ ಸಹಜವೇ, ಆದರೆ ಅದು ಈ ವೆಚ್ಚವನ್ನು ದಾನವೆಂದು ಭಾವಿಸಿದೆ. ರೈತನ ಹೊಲವನ್ನು ಇಬ್ಭಾಗ ಮಾಡಿ ಕಾಲುವೆ ಹರಿದರೆ, ಆಚೆಯ ಹೊಲಕ್ಕೆ ಹೋಗಲು ಅವನು ಸೇತುವೆ ಕೇಳುತ್ತಾನೆ. ಅದನ್ನು ಕಟ್ಟಿಕೊಟ್ಟರೆ ಯಾರೂ ಭಿಕ್ಷೆಯೆನ್ನುವುದಿಲ್ಲ. ಮೃಗಕ್ಕೆ ಅರ್ಜಿ ಬರೆಯಲು ಬಾರದು, ಅಷ್ಟೇ ಅಂತರ. ಅದರ ಹಾದಿ ನಮ್ಮ ಡಾಂಬರಿಗಿಂತ ಹಳೆಯದು. ಆದುದರಿಂದ ಈ ವೆಚ್ಚವು ರಸ್ತೆಯ ಬೆಲೆಯಲ್ಲಿಯೇ ಸೇರಬೇಕು. (ಕಡವೆಗೆ ಡಿಕ್ಕಿ ಹೊಡೆದ ವಾಹನದಲ್ಲಿ ಮನುಷ್ಯನೂ ಸಾಯುತ್ತಾನೆಂಬುದನ್ನು ಬೇರೆ ಹೇಳಬೇಕಿಲ್ಲ.)

ಆದರೂ ಎಲ್ಲ ಋಣವೂ ಹಣದಿಂದ ತೀರುವಂಥದಲ್ಲ. ನಮ್ಮ ಬಂಡೀಪುರದಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು ನಿರ್ಬಂಧಿಸಲಾಯಿತು. ಅಲ್ಲಿ ನಾವು ತೆರುವುದು ಕಾಲವನ್ನು. ಆ ನಿರ್ಬಂಧವನ್ನು ತೆಗೆಯುವ ಸಲುವಾಗಿ ಎತ್ತರದ ರಸ್ತೆ ಕಟ್ಟೋಣವೆಂಬ ಸಲಹೆ 2018ರಲ್ಲಿ ಬಂದಿತು. ನೋಡಲು ಅದೂ ಪೆಂಚಿನ ಸೇತುವೆಯಂತೆಯೇ. ಆದರೆ ಆ ವೆಚ್ಚವನ್ನು ಮೃಗಗಳ ಹೆಸರಿನಲ್ಲಿ ಬರೆಯದೆ ನಮ್ಮ ಅವಸರದ ಲೆಕ್ಕಕ್ಕೇ ಬರೆಯಬೇಕಾಗುತ್ತದೆ.